ಏಳನೇ ನಂಬರಿನ ಗಾಡಿ ಯಾರದು?

2024ರಲ್ಲಿ ನಮ್ಮ ಕಾಲೇಜಿನ ಮೈದಾನದಲ್ಲಿ ವಿದ್ಯಾರ್ಥಿಗಳು ಕೂತು ಓಡಿಸುವ ಬ್ಯಾಟರಿ ಕಾರುಗಳ ಓಟ ಎರಡು ಸಲ ನಡೆಯಿತು. ಒಂದು ಜನವರಿಯಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ. ನಾನು ಹೇಳಹೊರಟಿರುವುದು ಡಿಸೆಂಬರಿನ ಮಾತು.

ವಿಜಯಪುರದಿಂದ ತೊರವಿ ದಾಟಿ ಸ್ವಲ್ಪ ಮುಂದೆ ನಮ್ಮ ಕಾಲೇಜು. ನಾನು ಅಲ್ಲಿ ಉಪನ್ಯಾಸಕಿ. ದಿನಾ ಬಬಲೇಶ್ವರದಿಂದ ಎರಡು ಬಸ್ ಹಿಡಿದು ಬರಬೇಕು. ಆ ತಿಂಗಳು ಅತ್ತೆ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಕಾಲೇಜಿನಲ್ಲಿ ಪರೀಕ್ಷೆ ಕೆಲಸ ಬೇರೆ. ಬಸ್ಸಿನಲ್ಲಿ ಕಂಬ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಅಂಥದರಲ್ಲಿ ಪ್ರಾಂಶುಪಾಲರು ಓಟದ ಕಾಗದಪತ್ರವನ್ನೂ ನನಗೇ ಒಪ್ಪಿಸಿದರು. ಸೀಸನ್‌ಗೆ ಹೆಸರಿಡುವುದು, ಗಾಡಿಗಳಿಗೆ ನಂಬರ್ ಕೊಡುವುದು ನನ್ನ ಪಾಲಿಗೆ ಬಂತು.

ಹೆಸರಿನ ಮೇಲೇ ಅರ್ಧ ದಿನ ವಾದವಾಯಿತು. ಪ್ರಾಂಶುಪಾಲರು “ಸೀಸನ್ ಎರಡು ಅಂತ ಬರೀರಿ” ಅಂದರು. ಇನ್ನೊಬ್ಬರು ಶೈಕ್ಷಣಿಕ ವರ್ಷದ ಲೆಕ್ಕ ಹಿಡಿದು “2024-25 ಅನ್ರಿ, ಜನವರಿದು ಹಿಂದಿನ ವರ್ಷಕ್ಕ ಸೇರತೈತಿ” ಅಂದರು. ನನಗೆ ಸಾಕಾಗಿತ್ತು. ಜನವರಿಯ ಪಟ್ಟಿಯ ತಲೆಯ ಮೇಲೆ “2024ರ ಸೀಸನ್” ಅಂತ ಇತ್ತು. ಇದಕ್ಕೂ ಅದನ್ನೇ ಬರೆದು ಕೈತೊಳೆದುಕೊಂಡೆ.

ನಂಬರಿಗೆ ಒಂದು ನಿಯಮವಿತ್ತು. ಚಾಲಕರು ತಮಗೆ ಬೇಕಾದ ನಂಬರ್ ಆರಿಸಿಕೊಳ್ಳಬಹುದು. ಒಂದನೇ ನಂಬರ್ ಮಾತ್ರ ಹಿಂದಿನ ಸಲ ಗೆದ್ದವರಿಗೆ. ಜನವರಿಯಲ್ಲಿ ಏಳನೇ ನಂಬರಿನಲ್ಲಿ ಓಡಿಸಿ ಗೆದ್ದವನು ವಿನಾಯಕ. ಹಾಗಾಗಿ ಡಿಸೆಂಬರಿನಲ್ಲಿ ಅವನ ಗಾಡಿಗೆ ಒಂದು ಬಂತು, ಖಾಲಿಯಾದ ಏಳನ್ನು ಟಿಕೋಟಾದ ಸಾನಿಯಾ ಕೇಳಿ ಪಡೆದಳು. ಡಿಪ್ಲೊಮಾ ಎರಡನೇ ವರ್ಷದ ಹುಡುಗಿ, ಹೊಸದಾಗಿ ಓಡಿಸುತ್ತಿದ್ದಳು.

ಓಟದ ದಿನ ಬಿಸಿಲು ಜೋರಿತ್ತು. ಹಳೆಯ ಟೈರುಗಳನ್ನಿಟ್ಟು ಮಾಡಿದ ದಾರಿಯಲ್ಲಿ ಇಪ್ಪತ್ತು ಸುತ್ತು. ಹಿಂದೆ ಬಿದ್ದ ಗಾಡಿಗಳು, ಮುಂದಿದ್ದವು ಎಲ್ಲ ಒಂದೇ ಧೂಳಿನಲ್ಲಿ ಬೆರೆತು, ಯಾರು ಮೊದಲು, ಯಾರು ಕೊನೆ ಎಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಸುತ್ತು ಎಣಿಸುತ್ತಿದ್ದವರು ಕೊನೆಗೆ ನನ್ನ ಕೈಗೆ ಚೀಟಿ ಕೊಟ್ಟರು: ಏಳು, ನಾಲ್ಕು, ಒಂದು. ನಾನು ಪಟ್ಟಿ ನೋಡಿ ಹೆಸರು ಬರೆದೆ. ಏಳರ ಮುಂದೆ ವಿನಾಯಕ ಎಂದಿತ್ತು. ಒಂದರ ಮುಂದೆ ಏನೂ ಇರಲಿಲ್ಲ. ಸಾನಿಯಾಳ ಹೆಸರು ಎಲ್ಲೂ ಕಾಣಲಿಲ್ಲ, ಆ ಖಾಲಿ ಜಾಗ ಅವಳದೇ ಇರಬೇಕೆಂದು ತುಂಬಿಬಿಟ್ಟೆ. ಮೈಕಿನಲ್ಲಿ ಬರೀ ಹೆಸರುಗಳನ್ನು ಕೂಗಿದರು. ಹುಡುಗರು ವಿನಾಯಕನನ್ನು ಎತ್ತಿಕೊಂಡು ಕುಣಿದರು. ಗೆದ್ದವರಿಗೆ ಪುಣೆಯ ದೊಡ್ಡ ಸ್ಪರ್ಧೆಗೆ ಹೋಗುವ ಅವಕಾಶವಿತ್ತು.

ಆಗ ಬಿಳಿ ಟೋಪಿ ಹಾಕಿದ್ದ ಒಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ಸಾನಿಯಾಳ ತಂದೆ. ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುವವರು. ಅಂಗೈ ಬಿಚ್ಚಿ ತೋರಿಸಿದರು.

“ಬಾಯಾರ, ನಮ್ಮಾಕಿ ಒಂದೊಂದು ಸುತ್ತ ಹಾಕಿದಾಗೊಮ್ಮೆ ಒಂದೊಂದು ದ್ರಾಕ್ಷಿ ಈ ಕಿಸೆದಿಂದ ಆ ಕಿಸೆಕ್ಕ ಹಾಕೇನ್ರಿ. ಇಪ್ಪತ್ತ ಅದಾವ ನೋಡ್ರಿ. ಆಕಿ ಇಪ್ಪತ್ತ ಮುಗಿಸಿ ನಿಂತಾಗ ಉಳಿದಾವ್ರು ಇನ್ನೂ ಓಡಸಾಕತ್ತಿದ್ರು.”

ನಾನು ತಲೆ ಎತ್ತಲಿಲ್ಲ. “ಕಾಕಾ, ನಮ್ಮ ಹತ್ರ ಬರದದ್ದು ಐತಿ. ದ್ರಾಕ್ಷಿ ನೋಡಿ ಕಪ್ ಕೊಡಾಕ ಬರೂದಿಲ್ಲ” ಅಂದೆ. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಅವರು ಅಂಗೈ ಮುಚ್ಚಿಕೊಂಡು, “ಆತ್ರಿ” ಎಂದು ಮಗಳ ಕಡೆಗೆ ಹೋದರು.

ಸಂಜೆ ಬಬಲೇಶ್ವರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಚೀಲದಲ್ಲಿ ನೀರಿನ ಬಾಟಲಿ ಹುಡುಕುವಾಗ ಎರಡು ಪಟ್ಟಿ ಕೈಗೆ ಬಂದವು. ಎರಡರ ಮೇಲೂ “2024ರ ಸೀಸನ್”. ಬೆಳಿಗ್ಗೆಯಿಂದ ಮೇಜಿನ ಮೇಲಿದ್ದದ್ದು ಜನವರಿಯದು; ಅದು ಮೊದಲ ಓಟ, ಹಿಂದೆ ಗೆದ್ದವರಿಲ್ಲದ್ದರಿಂದ ಒಂದು ಖಾಲಿ ಇತ್ತು. ಡಿಸೆಂಬರಿನದರಲ್ಲಿ ನಾಲ್ಕು ಮೊದಲಿನವನದೇ, ಒಂದರ ಮುಂದೆ ವಿನಾಯಕ, ಏಳರ ಮುಂದೆ ನನ್ನದೇ ಅಕ್ಷರದಲ್ಲಿ ಸಾನಿಯಾ ಅಂತ ಇತ್ತು.

ಪ್ರಾಂಶುಪಾಲರಿಗೆ ಫೋನ್ ಮಾಡಿದೆ. “ಪೇಪರಿಗೆ ಫೋಟೊ ಹೋಗ್ಯಾವು ಮೇಡಂ. ಯಾರೂ ಕೇಳಾಕತ್ತಿಲ್ಲ. ಸುಮ್ಮನಿದ್ದುಬಿಡ್ರಿ” ಅಂದರು. ನಿಜ ಹೇಳಬೇಕೆಂದರೆ ಆ ಮಾತು ಹಿತವೆನಿಸಿತು. ಸುಮ್ಮನಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಆದರೆ ಆ ಮುಚ್ಚಿದ ಅಂಗೈ ಕಣ್ಣ ಮುಂದಿನಿಂದ ಹೋಗಲಿಲ್ಲ.

ಮರುದಿನ ಭಾನುವಾರ. ಮೊದಲು ವಿನಾಯಕನಿಗೆ ಫೋನಿನಲ್ಲಿ ಹೇಳಿದೆ. ಅವನು, “ನನಗೂ ಸಂಶಯ ಇತ್ತರಿ ಮೇಡಂ. ಆಕಿ ಗಾಡಿ ನನ್ನ ಮುಂದೇ ಹೋಗಿತ್ತು. ಹೆಸರು ಕೂಗಿದ ಮ್ಯಾಲ ಸುಮ್ಮನಾದ್ನಿ” ಅಂದ. “ಕಪ್ ನಾನ ಒಯ್ದು ಕೊಡ್ತೇನ್ರಿ.” ಹಾಗೇ ಸೋಮವಾರ ಎಲ್ಲರೆದುರು ಕೊಟ್ಟ. ಅವನು ಒಪ್ಪಿದ ಮೇಲೆ ಪ್ರಾಂಶುಪಾಲರೂ ಒಪ್ಪಿದರು.

ಭಾನುವಾರವೇ ನಾನು ಟಿಕೋಟಾಕ್ಕೆ ಹೋದೆ. ಸಾನಿಯಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ವಿಷಯ ಹೇಳಿದಾಗ ಕೈಯಲ್ಲಿದ್ದ ಬಟ್ಟೆ ಹಿಂಡುತ್ತಲೇ ಅತ್ತಳು. ಅವಳ ತಾಯಿ ಚಹಾ ತಂದರು. ತಂದೆ ನನ್ನೆದುರು ಕುಳಿತು ಮೆಲ್ಲಗೆ ಹೇಳಿದರು:

“ತಪ್ಪ ಎಲ್ಲಾರಿಂದನೂ ಆಕೈತ್ರಿ ಬಾಯಾರ. ನೀವು ಇಲ್ಲೀತನಕ ಬಂದ್ರಿ, ದೊಡ್ಡ ಮಾತು. ಆದ್ರ ನಿನ್ನೆ ಒಮ್ಮೆ ನನ್ನ ಮಾರಿ ನೋಡಿ ಮಾತಾಡಿದ್ರ ಸಾಕಾಗಿತ್ತು. ಸೋತದ್ದಕ್ಕಲ್ರಿ, ತಮ್ಮ ಅಪ್ಪನ್ನ ನೋಡಿ ನಕ್ಕರು ಅಂತ ಇಕಿ ರಾತ್ರಿ ಊಟ ಬಿಟ್ಟಳು.”

ಚಹಾದ ಲೋಟ ಕೆಳಗಿಟ್ಟೆ. “ದಣಿದಿದ್ದೆ” ಎನ್ನಲು ಬಾಯಿ ತೆರೆದೆ. ಹತ್ತು ತಾಸು ಶೆಡ್ಡಿನಲ್ಲಿ ನಿಂತು ಕೆಲಸ ಮಾಡುವವರ ಎದುರು ಆ ಮಾತು ಹೊರಬರಲಿಲ್ಲ. “ತಪ್ಪಾತ್ರಿ ಕಾಕಾ” ಎಂದಷ್ಟೇ ಅಂದೆ.

ಸಾನಿಯಾ ಪುಣೆಗೆ ಹೋಗಿ ಬಂದಳು. ಬಹುಮಾನ ಬರಲಿಲ್ಲ. ಮುಂದಿನ ಸೀಸನ್‌ಗೆ ಒಂದನೇ ನಂಬರ್ ಕೊಡಲು ಹೋದರೆ, “ಬ್ಯಾಡ್ರಿ ಮೇಡಂ, ಮತ್ತ ಗೊಂದಲ ಆಕೈತಿ” ಎಂದು ನಕ್ಕಳು.

ನನ್ನ ದಣಿವು ಈಗಲೂ ಹಾಗೇ ಇದೆ. ಬಸ್ಸು ಎರಡೇ, ಕೆಲಸ ಹೆಚ್ಚೇ ಆಗಿದೆ. ಯಾರಾದರೂ ಮೇಜಿನ ಮುಂದೆ ಬಂದು ನಿಂತರೆ ಪೆನ್ನು ಕೆಳಗಿಟ್ಟು ಮುಖ ನೋಡಬೇಕೆಂದುಕೊಂಡಿದ್ದೇನೆ. ಎಷ್ಟೋ ಸಲ ಮರೆಯುತ್ತೇನೆ. ಅವರು “ಆತ್ರಿ” ಎಂದು ತಿರುಗಿದಾಗ ನೆನಪಾಗಿ, ಕುರ್ಚಿಯಿಂದ ಎದ್ದು ಹೋಗಿ ವಾಪಸು ಕರೆಯುತ್ತೇನೆ.