ಗುಳ್ಳೆ ಅತ್ತೆ ಮತ್ತು ಕಂಡಕ್ಟರ ಮೌತ್ ಆರ್ಗನ್

ಶಾಲೆಯ ಹೆಡ್‌ಮಿಸ್ ದಾರಿ ತಪ್ಪಿ ಆಸ್ಪತ್ರೆಯ ಗಂಡಸರ ವಾರ್ಡಿಗೆ ಹೋಗಿ, ಕಾಯಿಲೆ ಬಿದ್ದಿದ್ದ ತಮ್ಮ ಡ್ರಾಯಿಂಗ್ ಟೀಚರ್ ಎಂದುಕೊಂಡು ಯಾರೋ ಲಾರಿ ಡ್ರೈವರನ ಕೈ ಹಿಡಿದು, "ಬೇಗ ಹುಷಾರಾಗಮ್ಮಾ, ನೀನಿಲ್ದೆ ಸ್ಟಾಫ್ ರೂಮು ಬಣಗುಟ್ತಿದೆ" ಎಂದು ಸವರಿದ್ದಕ್ಕೆ ಕಾರಣ ಗುಳ್ಳೆ ಅತ್ತೆ. ಹೆಡ್‌ಮಿಸ್ ಕನ್ನಡಕ ಅದೇ ಬೆಳಿಗ್ಗೆ ಅತ್ತೆಯ ತೊಟ್ಟಿಯಲ್ಲಿ ಮಿಂದು ಬಂದಿತ್ತು. ಗಾಜಿನ ಮೇಲಿದ್ದ ಹಳೆಯ ಲೇಪ ಕೊಳೆಯ ಜೊತೆಗೇ ಎದ್ದು, ಲೋಕವೆಲ್ಲ ಮಂಜಾಗಿತ್ತು. ಆ ವಾರ ಅವಳು ಕೆಲಸಕ್ಕಿದ್ದ ಕನ್ನಡಕದಂಗಡಿಯಲ್ಲಿ ಲೇಪಕ್ಕಿಂತ ಹೆಚ್ಚು ಸುಲಿದುಹೋದದ್ದು ಅತ್ತೆಯ ಮಾನ.

ಮುಖದ ಮೇಲೆ ಒಂದು ಗುಳ್ಳೆಯೂ ಇಲ್ಲದವಳಿಗೆ ಓಣಿ ಆ ಹೆಸರಿಟ್ಟದ್ದು ಕನ್ನಡಕದಂಗಡಿಯ ಹಿಂಕೋಣೆಯ ಯಂತ್ರದಿಂದ. ಗಾಜಿನ ಕಪಾಟು ಒರೆಸಲು ಸೇರಿದವಳು. ಯಂತ್ರ ಬಂದ ದಿನ ಮಾಲೀಕರು ಅದಕ್ಕೆ ಹೆದರಿದರು, ಇವಳು ಹೆದರಲಿಲ್ಲ. ಅಂದಿನಿಂದ ತೊಟ್ಟಿ ಇವಳದು. ಗುಂಡಿ ಒತ್ತಿದರೆ ಕಿವಿಗೆ ನಿಲುಕದ ಸದ್ದೊಂದು ನೀರನ್ನು ನಡುಗಿಸುತ್ತದೆ. ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟಿದ ಮರುಕ್ಷಣವೇ ಒಡೆದು, ಒಡೆಯುವಾಗ ಕೊಳೆಯನ್ನು ಚಿವುಟಿ ಎಬ್ಬಿಸುತ್ತವೆ. ಬ್ರಷ್ಷು ತೂರದ ಸಂದಿಗೂ ತೂರುತ್ತವೆ.

"ಥೇಟ್ ನನ್ನ ನಾದಿನಿ ಥರ" ಎನ್ನುತ್ತಿದ್ದಳು ಅತ್ತೆ. "ಕಾಣಿಸಲ್ಲ, ಕೇಳಿಸಲ್ಲ, ಚಿವುಟೋದು ಮಾತ್ರ ನಿಲ್ಸಲ್ಲ."

ಗಂಡ ನಿವೃತ್ತ ಬಸ್ ಕಂಡಕ್ಟರು. ಕೆಲಸವಿದ್ದಷ್ಟು ಕಾಲ ಸೀಟಿ ಊದಿದವರು ಈಗ ಮೌತ್ ಆರ್ಗನ್ ಊದುತ್ತಿದ್ದರು. ಬರುತ್ತಿದ್ದದ್ದು ಒಂದೇ ಲಾಲಿ. ಅದರಲ್ಲೂ ನಡುವಿನ ಒಂದು ಸ್ವರ ಯಾವುದೋ ಕಾಲದಲ್ಲೇ ಕಟ್ಟಿಹೋಗಿತ್ತು. ಅಲ್ಲಿ ಬರೀ ಗಾಳಿ. ಮನೆಮಂದಿ ಬಾಯಲ್ಲಿ ಗುನುಗುವಾಗಲೂ ಆ ಜಾಗದಲ್ಲಿ ಒಂದು ಗುಟುಕು ನುಂಗಿಯೇ ಮುಂದೆ ಹೋಗುತ್ತಿದ್ದರು. ಮೊಮ್ಮಗಳು ಮಧ್ಯಾಹ್ನ ಮಲಗುತ್ತಿದ್ದುದು ಆ ಲಾಲಿಗೇ. ಮನೆಯಲ್ಲಿ ಕಂಡಕ್ಟರಿಗೆ ಉಳಿದಿದ್ದ ಹುದ್ದೆ ಅದೊಂದೇ.

ಮೊಮ್ಮಗಳಿಗೆ ಹಲ್ಲು ಬರತೊಡಗಿತು. ಕೈಗೆ ಸಿಕ್ಕ ಮೌತ್ ಆರ್ಗನ್ನನ್ನು ಅವಳು ಚೀಪಿ ಚೀಪಿ, ಜೊಲ್ಲು, ಬಿಸ್ಕತ್ತಿನ ಪುಡಿ ಎಲ್ಲ ಒಳಗೆ ಸೇರಿ, ಉಳಿದ ಸ್ವರಗಳ ಗಂಟಲೂ ಕಟ್ಟಿತು.

"ಬಿಡಪ್ಪಾ, ನಾಳೆಯಿಂದ ಫೋನಲ್ಲೇ ಲಾಲಿ ಹಾಕ್ತೀನಿ" ಎಂದಳು ಮಗಳು.

ಊಟಕ್ಕೆ ಕೂತಾಗ ಕಂಡಕ್ಟರ ಒಂದು ಕೈ ಜೇಬಿನಲ್ಲೇ ಇತ್ತು, ಮೌತ್ ಆರ್ಗನ್ ಮೇಲೆ. ಅತ್ತೆ ನೋಡಿದಳು.

"ಕೊಡಿ ಇಲ್ಲಿ."

"ಹೆಡ್‌ಮಿಸ್ ಕನ್ನಡಕದ ಗತಿ ಆದ್ರೆ?"

"ಆದ್ರೆ ನೀವೂ ಹೋಗಿ ಲಾರಿ ಡ್ರೈವರ್ ಕೈ ಸವರಿ. ಕೊಡ್ರೀ!"

ಅಂಗಡಿಯಲ್ಲಿ ಅತ್ತೆ ತಿರುಪು ಬಿಚ್ಚಿ, ನೀರು ಕುಡಿದು ಉಬ್ಬೀತೆಂದು ಮರದ ಭಾಗವನ್ನು ಪಕ್ಕಕ್ಕಿಟ್ಟಳು. ಹಿತ್ತಾಳೆ ತಗಡಿನ ಮೇಲೆ ಸಾಲಾಗಿ ಸ್ವರ ಹುಟ್ಟಿಸುವ ಪುಟ್ಟ ಪುಟ್ಟ ನಾಲಗೆಗಳು, ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದು ಮುರಿದರೂ ಹಾಡು ಮುಗಿದಂತೆ. ಮೊದಲು ತೊಟ್ಟಿಗೆ ಅಲ್ಯುಮಿನಿಯಂ ಹಾಳೆಯ ಚೂರೊಂದನ್ನು ಇಳಿಬಿಟ್ಟು ನೋಡಿದಳು. ತೆಗೆದಾಗ ಮೈತುಂಬ ಸೂಜಿ ಚುಚ್ಚಿದಂಥ ತೂತು. ಹಾಳೆಯನ್ನೇ ತಿಂದ ಗುಳ್ಳೆಗಳು ನಾಲಗೆಗಳನ್ನು ಬಿಟ್ಟಾವೇ? ತಗಡನ್ನು ತಂತಿಬುಟ್ಟಿಯಲ್ಲಿಟ್ಟು, ಉಸಿರು ಬಿಗಿಹಿಡಿದು ಅದ್ದಿದಳು. ಉಸಿರು ಬಿಡುವ ಮೊದಲೇ ಎತ್ತಿದಳು. ಬೆಳಕಿಗೆ ಹಿಡಿದು ನೋಡಿ ಮತ್ತೆ ಅದ್ದಿದಳು. ಪ್ರತಿ ಸಲವೂ ಬಿಸ್ಕತ್ತು ಹೊಗೆಯಂತೆ ಎದ್ದು ನೀರಿಗಿಳಿಯಿತು. ಕೊನೆಗೆ ತಗಡು ಹೊಸದರಂತೆ ಹೊಳೆಯಿತು, ನಾಲಗೆಗಳೆಲ್ಲ ನೆಟ್ಟಗಿದ್ದವು.

ಮನೆಯಲ್ಲಿ ಕಂಡಕ್ಟರು ಊದಿ ನೋಡಿದರು. ಎಲ್ಲ ಸ್ವರವೂ ಬಂತು. ಸತ್ತೇಹೋಯಿತೆಂದು ಬಿಟ್ಟಿದ್ದ ನಡುವಿನ ಸ್ವರವೂ ಬಂತು.

"ಅಯ್ಯೋ ಇವಳೇ, ಇದು ಬದುಕಿತ್ತಾ!" ಎಂದು ಕಣ್ಣೊರೆಸಿಕೊಂಡರು.

ಮಧ್ಯಾಹ್ನ ತೊಟ್ಟಿಲ ಪಕ್ಕ ಕೂತು ಲಾಲಿ ಶುರುಮಾಡಿದರು. ಮೊಮ್ಮಗಳ ರೆಪ್ಪೆ ಭಾರವಾಯಿತು, ಬೆರಳು ಬಾಯಿಂದ ಜಾರಿತು. ಆಗ ಬಂತು ಆ ಸ್ವರ, ಗಂಟೆ ಹೊಡೆದ ಹಾಗೆ. ಗುಟುಕಿನ ಜಾಗಕ್ಕೆ ಯಾರೋ ಅಪರಿಚಿತರು ನುಗ್ಗಿದರೆಂಬಂತೆ ಮಗು ಫಕ್ಕನೆ ಕಣ್ಣು ತೆರೆದು, ಸೂರು ಹಾರುವ ಹಾಗೆ ಕಿರುಚಿತು. ಮತ್ತೆ ಊದಿದರು, ಮತ್ತೆ ಅದೇ ಜಾಗ, ಅದೇ ಕಿರುಚಾಟ. ಮಗಳು ಫೋನಿಗೆ ಕೈ ಚಾಚಿದಳು.

ಕಂಡಕ್ಟರ ಮುಖ ಇಳಿದುಹೋಯಿತು. "ಏನೇ, ಇದಕ್ಕೆ ನಿನ್ನ ಯಂತ್ರದಲ್ಲಿ ಏನಾದ್ರೂ ದಾರಿ ಇದ್ಯಾ? ಏನ್ಮಾಡೋದು ಈಗ?"

ಅತ್ತೆ ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡಳು.

"ಆ ಸ್ವರದ ಜಾಗ ಬಂದಾಗ ಊದಬೇಡಿ."