ಸ್ವಂತ ಮನೆಯ ಸಿಮೆಂಟು ಕೆರೆಯುವ ಡ್ರೈವರ್

"ಏನಯ್ಯಾ ಸಾಹುಕಾರ, ನಿನ್ನ ಮನೆ ಸತ್ತು ಯಾವ ಕಾಲ ಆಯ್ತು! ಇನ್ನೂ ಹೆಣಕ್ಕೆ ತಲೆ ಬಾಚ್ತಾ ಕೂತಿದೀಯಲ್ಲ, ನಾಚಿಕೆ ಆಗಲ್ವಾ?"

ಬೆಳಗಿನ ಬ್ರೆಡ್ಡಿಗೆ ಬಂದು ನಿಂತ ಗಿರಾಕಿಗಳೆಲ್ಲ ಕೇಳುವ ಹಾಗೆ ಬೇಕರಿಯವನು ಕೂಗುತ್ತಾನೆ. ಕೈಯಲ್ಲಿ ಒದ್ದೆ ಬಟ್ಟೆ. ಪಕ್ಕದ ಗೋಡೆಯಿಂದ ಉದುರಿದ ಸಿಮೆಂಟಿನ ಪುಡಿ ಅವನ ಗಾಜಿನ ಕಪಾಟಿನ ಮೇಲೆಲ್ಲ ಕೂತಿದೆ. ಸಾಲಿನಲ್ಲಿ ನಿಂತವರು ಕಿಸಕ್ಕನೆ ನಗುತ್ತಾರೆ. ಒಬ್ಬ ಹೆಂಗಸು ಮಾತ್ರ ಕತ್ತೆತ್ತಿ ಮೇಲೆ ನೋಡುತ್ತಾಳೆ.

ಮೇಲೆ, ಹಲಗೆ ಹಾಸಿದ ಸಾರವೆಯ ಮೇಲೆ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮನೆಯ ಮಾಲೀಕರು ಕೂತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಳಿಯನ್ನು ಗೋಡೆಗೆ ಓರೆಯಾಗಿ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಜೋರಾಗಿ ಹೊಡೆದರೆ ಸಿಮೆಂಟಿನ ಜೊತೆ ಇಟ್ಟಿಗೆಯೂ ಕಿತ್ತು ಬರುತ್ತದೆ. "ಬೈಲಿ ಬಿಡಿ," ಅನ್ನುತ್ತಾರೆ ಕೆಳಗೆ ನೋಡದೆ. "ಅವನ ಬ್ರೆಡ್ಡಿಗೆ ಧೂಳು ಬೀಳೋದು ನಿಜ ತಾನೇ? ನಾನಾಗಿದ್ರೂ ಬೈತಿದ್ದೆ. ಇಷ್ಟು ಚೆನ್ನಾಗಿ ಬಯ್ಯೋಕೆ ಬರ್ತಿರಲಿಲ್ಲ, ಅಷ್ಟೇ."

ಹೊಟ್ಟೆಪಾಡಿಗೆ ಇವರು ಸಿಟಿ ಬಸ್ಸಿನ ಡ್ರೈವರ್. ಮಧ್ಯಾಹ್ನದ ಪಾಳಿ. ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಅರಮನೆ ಬಂತು, ದಾರಿ ಬಿಡ್ರೋ" ಅನ್ನುತ್ತಾರೆ. ಅರಮನೆಯೂ ಅಲ್ಲ, ಮಣ್ಣೂ ಅಲ್ಲ. ರಸ್ತೆಯ ತಿರುವಿನಲ್ಲಿ ನಿಂತಿರುವ ಈ ಎರಡಂತಸ್ತಿನ ಕಟ್ಟಡ ಒಂದು ಕಾಲಕ್ಕೆ ಕುದುರೆ ಅಂಚೆಯ ಠಾಣೆ. ಬಳಲಿ ಬಂದ ಕುದುರೆ ಬಿಚ್ಚಿ, ಹೊಸ ಕುದುರೆ ಕಟ್ಟಿ ಕಳಿಸುತ್ತಿದ್ದ ಜಾಗ. ಕೆಳಗೆ ಲಾಯ, ಮೇಲೆ ಸವಾರರು ಮಲಗುವ ಕೋಣೆಗಳು. ಕಮಾನಿನ ಬಾಗಿಲಲ್ಲಿ ಗಾಡಿ ಸಮೇತ ಒಳಗೆ ನುಗ್ಗಬಹುದು. ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಇವತ್ತಿಗೂ ಇವೆ; ಒಂದಕ್ಕೆ ಇವರ ಸೈಕಲ್ಲು ಕಟ್ಟಿದೆ. ಅಂಚೆ ನಿಂತುಹೋದಾಗ, ಉಚ್ಚೆ ವಾಸನೆಯ ಮನೆ ಯಾರಿಗೂ ಬೇಡವಾಯಿತು. ಅಲ್ಲೇ ಲಾಳ ಹೊಡೆಯುತ್ತಿದ್ದ ಇವರ ತಾತ ಕೊಂಡುಕೊಂಡರು.

ಈಗ ಅದೇ ಮನೆ ಎಲ್ಲರಿಗೂ ಬೇಕು, ನೋಡುವುದಕ್ಕೆ. ಬಾಗಿಲ ಪಕ್ಕ ಹಿತ್ತಾಳೆ ಫಲಕ ಜಡಿದಿದ್ದಾರೆ: 'ಪಾರಂಪರಿಕ ಕಟ್ಟಡ. ಇದು ನಮ್ಮೆಲ್ಲರ ಹೆಮ್ಮೆ.' ನಮ್ಮೆಲ್ಲರದ್ದಂತೆ! ಹೆಮ್ಮೆ ಎಲ್ಲರದು, ಸೋರುವ ಮಾಡು ಒಬ್ಬರದು. ಕೆಡವುವಂತಿಲ್ಲ, ಕಿಟಕಿ ಬದಲಿಸುವಂತಿಲ್ಲ, ಹೆಂಚು ಜಾರಿದರೆ ಸರಿಮಾಡಲಿಕ್ಕೂ ಅಪ್ಪಣೆ ಬೇಕು. ರಜೆಯ ದಿನ ಕ್ಯಾಮೆರಾ ನೇತುಹಾಕಿಕೊಂಡು ಬರುವವರು "ಎಷ್ಟು ಚೆಂದ" ಅಂತ ಬಾಯಿ ಬಿಟ್ಟು, ಕಮಾನಿನ ಕೆಳಗೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಫೋಟೋಕ್ಕೆ ಅಡ್ಡ ಬರ್ತೀರಿ, ಸ್ವಲ್ಪ ಇಳೀರಿ ಅಂತ ಒಬ್ಬರು ಇವರಿಗೇ ಹೇಳಿದರಂತೆ. ಇವರು ಇಳಿದರಂತೆ ಕೂಡ! ಪತ್ರಿಕೆಗಳಲ್ಲಿ ಈ ಕಮಾನಿನ ಚಿತ್ರ ಎಷ್ಟು ಸಲ ಬಂದಿಲ್ಲ? ಅದನ್ನು ಬೀಳದ ಹಾಗೆ ಹಿಡಿದಿಟ್ಟ ಕೈಯ ಬಗ್ಗೆ ಒಂದು ಸಾಲಿಲ್ಲ.

ಸಿಮೆಂಟಿನ ಕತೆ ಕೇಳಿದರೆ ಮೈ ಉರಿಯುತ್ತದೆ. ಕೆಲವು ವರ್ಷಗಳ ಹಿಂದೆ ಯಾರೋ ದೊಡ್ಡವರು ಈ ರಸ್ತೆಯಲ್ಲಿ ಹಾದುಹೋಗುವವರಿದ್ದರು. ರಸ್ತೆಯ ಅಂದ ಹೆಚ್ಚಿಸಿ ಅಂತ ಪಾಲಿಕೆಯ ಕಚೇರಿಯಿಂದ ಹುಕುಂ ಹೊರಟಿತು. ಗುತ್ತಿಗೆದಾರನ ಆಳುಗಳು ಬಂದು, ಸುಣ್ಣದ ಗಾರೆಯ ಹಳೇ ಗೋಡೆಗೆ ದಪ್ಪಗೆ ಸಿಮೆಂಟು ಮೆತ್ತಿ, ಮೇಲೆ ಹಳದಿ ಬಣ್ಣ ಬಳಿದು ಹೋದರು. ದೊಡ್ಡವರ ಕಾರು ಇಲ್ಲಿ ನಿಲ್ಲಲೂ ಇಲ್ಲ.

"ಅವರನ್ನ ಮಾತ್ರ ಯಾಕೆ ಅನ್ನಲಿ?" ಅನ್ನುತ್ತಾರೆ ಡ್ರೈವರ್. "ಪುಕ್ಕಟೆ ಗಿಲಾವು ಸಿಕ್ತು ಅಂತ ನಾನೇ ಕುಣಿದಾಡಿದ್ದೆ. ಕೆಲಸದೋರಿಗೆ ಚಹಾ ತಂದುಕೊಟ್ಟೆ. ಆ ಮೂಲೇಲಿ ಸ್ವಲ್ಪ ತೆಳ್ಳಗಾಯ್ತು, ಇನ್ನೊಂದು ಕೈ ಹಾಕ್ರಪ್ಪಾ ಅಂತ ಬೇರೆ ಹೇಳಿದೆ. ಈಗ ಆ ಮೂಲೇನೇ ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ ನೋಡಿ."

ಸುಣ್ಣದ ಗೋಡೆ ಮಳೆಯಲ್ಲಿ ಕುಡಿದ ನೀರನ್ನು ಬಿಸಿಲಲ್ಲಿ ಬಿಟ್ಟುಕೊಡುತ್ತದೆ. ಸಿಮೆಂಟು ಅದರ ಬಾಯಿ ಮುಚ್ಚಿತು. ಎಷ್ಟೋ ತಲೆಮಾರಿನ ಕುದುರೆ ಉಚ್ಚೆಯ ಉಪ್ಪು ಹೀರಿಕೊಂಡಿದ್ದ ಇಟ್ಟಿಗೆ ಒಳಗೊಳಗೇ ಬೆವರಿ ಪುಡಿಯಾಗತೊಡಗಿತು. ಹೊರಗೆ ಥಳಕು, ಒಳಗೆ ಹುಳುಕು. ಕೆಳಗಿನ ಕೋಣೆಯಲ್ಲಿ ಗೋಡೆ ಉಬ್ಬಿದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು. ಆಮೇಲೆ ಅದೇ ಕಚೇರಿಯಿಂದ ನೋಟಿಸು ಬಂತು: ಮುಂಗೋಡೆ ಅಪಾಯಕಾರಿ, ಮಳೆಗಾಲದೊಳಗೆ ಸರಿಪಡಿಸದಿದ್ದರೆ ಮಾಲೀಕನ ಖರ್ಚಿನಲ್ಲಿ ಕೆಡವಲಾಗುವುದು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ. ಮುಂಗೋಡೆ ಹೋದರೆ ಕಮಾನಿಲ್ಲ, ಮಹಡಿಯಿಲ್ಲ, ಮನೆಯೇ ಇಲ್ಲ. ಕಚೇರಿಯವರು ಬಂದು ನೋಡುವುದು ಇವತ್ತೇ.

ಅದಕ್ಕಾಗಿ ಈ ಚಳಿಗಾಲವೆಲ್ಲ ಇವರು ಬೆಳಗಿನ ಜಾವ ಸಾರವೆ ಹತ್ತಿದ್ದಾರೆ. ಒಂದು ಬೆಳಿಗ್ಗೆಗೆ ಚಾಪೆಯಷ್ಟು ಜಾಗದ ಸಿಮೆಂಟು ಬಿಡಿಸಿದರೆ ಅದೇ ಹೆಚ್ಚು. ಬಿಡಿಸಿದ ಜಾಗ ಒಣಗಬೇಕು. ಹೊರಗೆ ಬಂದ ಉಪ್ಪನ್ನು ಪೊರಕೆಯಲ್ಲಿ ಗುಡಿಸಬೇಕು. ಪೀಪಾಯಿಯ ನೀರಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ ಸುಣ್ಣವನ್ನು ಮರಳಿನ ಜೊತೆ ಕಲಸಿ ತೆಳ್ಳಗೆ ಬಳಿಯಬೇಕು. ಒಂದು ಪದರ ತಾನಾಗಿ ಗಟ್ಟಿಯಾಗುವ ತನಕ ಇನ್ನೊಂದನ್ನು ಮುಟ್ಟುವಂತಿಲ್ಲ. ಮಧ್ಯಾಹ್ನ ಸ್ಟೀರಿಂಗ್ ಹಿಡಿಯುವ ಬೆರಳುಗಳಲ್ಲಿ ಸುಣ್ಣ ತಿಂದ ಬಿರುಕುಗಳಿವೆ. "ಬ್ರೇಕ್ ತುಳಿದಾಗೆಲ್ಲ ಮಂಡಿ ಕಟ್ ಅನ್ನುತ್ತೆ," ಅನ್ನುತ್ತಾರೆ. "ಪ್ಯಾಸೆಂಜರುಗಳು ಬಸ್ಸಿನದ್ದೇ ಸದ್ದು ಅಂದ್ಕೋತಾರೆ."

ಆಯಾಸ ಆಗುವುದಿಲ್ಲವೇ ಅಂತ ಕೇಳಿದರೆ ಸುತ್ತಿಗೆ ನಿಲ್ಲುತ್ತದೆ. "ಆಯಾಸ ಅಲ್ಲ ಕಣ್ರೀ, ಸಾಕಾಗಿದೆ. ಆಯಾಸ ಆದ್ರೆ ಮಲಗಿದ್ರೆ ಹೋಗುತ್ತೆ."

ಮಾರಬಹುದಿತ್ತಲ್ಲ? "ಕೊಳ್ಳೋರು ಬರ್ತಾರೆ. ಒಂದು ಸುತ್ತು ನೋಡ್ತಾರೆ. ಗೋಡೆ ಬಿದ್ದಮೇಲೆ ಹೇಳಿ, ಜಾಗ ತಗೋತೀವಿ ಅಂತಾರೆ."

ಚಹಾ ಹಿಡಿದು ಬಂದ ಹೆಂಡತಿ ಲೋಟವನ್ನು ಸಾರವೆಯ ಹಲಗೆಗೆ ಏರಿಸುತ್ತ ಹೇಳುತ್ತಾರೆ: "ಮದುವೆಗೆ ಮುಂಚೆ, ಹುಡುಗನಿಗೆ ದೊಡ್ಡ ಮನೆ ಇದೆ ಅಂದಿದ್ರು. ಸುಳ್ಳು ಹೇಳಲಿಲ್ಲ ಪಾಪ. ಗುಡಿಸಿ ಗುಡಿಸಿ ಸೊಂಟ ಬಿದ್ದಾಗ ಗೊತ್ತಾಯ್ತು, ಎಷ್ಟು ದೊಡ್ಡದು ಅಂತ."

ಗೋಡೆ ಉಬ್ಬಿರುವ ಕೆಳಗಿನ ಕೋಣೆ ಡ್ರೈವರ್ ಅವರ ಅಕ್ಕನದು. ದರ್ಜಿ ಅಂಗಡಿಗಳ ಅಂಗಿಗಳಿಗೆ ಕೈಯಲ್ಲೇ ಗುಂಡಿಯ ಕಾಜಾ ಹಾಕಿಕೊಡುವುದು ಅವರ ಕೆಲಸ. ರಸ್ತೆ ಕಡೆಯ ದೊಡ್ಡ ಕಿಟಕಿಯ ಬೆಳಕೇ ಅವರ ಬಂಡವಾಳ. ಹುಟ್ಟಿದ್ದು ಆ ಕೋಣೆಯಲ್ಲಿ. ಮದುವೆ ಮುರಿದು ತಿರುಗಿ ಬಂದದ್ದೂ ಆ ಕೋಣೆಗೇ. "ಬಿದ್ರೆ ನನ್ನ ಮೇಲೇ ಬೀಳುತ್ತೆ, ಬೇರೆಯೋರಿಗೆ ತೊಂದರೆ ಇಲ್ಲ," ಅನ್ನುತ್ತಾರೆ ಸೂಜಿಗೆ ದಾರ ಪೋಣಿಸುತ್ತ. "ಮಳೆ ಬಂದ್ರೆ ಈಗಲೂ ಕುದುರೆ ವಾಸನೆ ಬರುತ್ತೆ ಇಲ್ಲಿ. ಅದಿಲ್ದಿದ್ರೆ ನಂಗೆ ನಿದ್ದೆ ಹತ್ತಲ್ಲ."

ಬಿಸಿಲೇರುವ ಹೊತ್ತಿಗೆ ಕಚೇರಿಯ ಎಂಜಿನಿಯರ್ ಬರುತ್ತಾರೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿಮೆಂಟು ಮೆತ್ತಿಸಿದ ಕಾಲಕ್ಕೆ ಇನ್ನೂ ಕೆಲಸಕ್ಕೇ ಸೇರಿರಲಿಲ್ಲ. ಬಯ್ಯೋಣವೆಂದರೆ ಮನಸ್ಸು ಬರುವುದಿಲ್ಲ. ಚಪ್ಪಲಿ ಬಿಟ್ಟು ಸಾರವೆ ಹತ್ತಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಡುತ್ತಾರೆ. ಅಕ್ಕನ ಕೋಣೆಯ ಒಳಗೂ ಹೋಗಿ ಬಹಳ ಹೊತ್ತು ನೋಡುತ್ತಾರೆ. ಮನೆಯವರು ಕಮಾನಿನ ಕೆಳಗೆ ನಿಂತಿದ್ದಾರೆ.

"ಮೇಲಿನ ಭಾಗ ಚೆನ್ನಾಗಿ ಒಣಗಿದೆ. ಗೋಡೆ ಉಳಿಯುತ್ತೆ," ಅನ್ನುತ್ತಾರೆ ಹೊರಗೆ ಬಂದು. "ಕೆಡವೋದು ಬೇಡ ಅಂತಲೇ ಬರೀತೀನಿ. ಆದ್ರೆ ಕೆಳಗೆ ಉಬ್ಬಿರೋ ಕಡೆ ಒಳಗಿನಿಂದ ಮರದ ಆಸರೆ ಕೊಡಬೇಕು. ಅದು ಒಣಗೋವರೆಗೂ ಆ ಕೋಣೇಲಿ ಯಾರೂ ಇರೋ ಹಾಗಿಲ್ಲ. ಇವತ್ತೇ ಖಾಲಿ ಮಾಡಿಬಿಡಿ."

"ಎಷ್ಟು ದಿನ ಮೇಡಂ?"

"ದಿನದ ಲೆಕ್ಕ ಅಲ್ಲ. ಎರಡು ಮಳೆಗಾಲ ಕಳೀಲಿ, ಆಮೇಲೆ ನೋಡೋಣ."

ಅವರು ಹೋದ ಮೇಲೂ ಡ್ರೈವರ್ ನಿಂತಲ್ಲೇ ನಿಂತಿದ್ದಾರೆ. ಗೆದ್ದವರ ಮುಖ ಹೀಗಿರುವುದಿಲ್ಲ.

"ನಾನೇನು ಕುದುರೇನಾ, ಇಲ್ಲಿ ಬಿಚ್ಚಿ ಅಲ್ಲಿ ಕಟ್ಟೋಕೆ?" ಅಕ್ಕ ಸಿಡಿಯುತ್ತಾರೆ. "ಕತ್ತಲಲ್ಲಿ ಕೂತು ಕಾಜಾ ಹಾಕ್ಲಾ? ಗೋಡೆಗೋಸ್ಕರ ಅಕ್ಕನ್ನ ಎಬ್ಬಿಸ್ತೀಯೇನೋ?"

ಡ್ರೈವರ್ ನಲ್ಲಿಯಲ್ಲಿ ಕೈ ತೊಳೆದುಕೊಂಡು ಅಕ್ಕನ ಕೋಣೆಗೆ ಹೋಗುತ್ತಾರೆ. ಹಾಸಿಗೆ ಸುತ್ತಿ ಹೆಗಲಿಗೇರಿಸುತ್ತಾರೆ. ಇನ್ನೊಂದು ಕೈಯಲ್ಲಿ ಅಕ್ಕ ಕೂತು ಹೊಲಿಯುವ ಕುರ್ಚಿ. ಮನೆಯ ಹಿಂಭಾಗದಲ್ಲಿ ಬೆಳಕಿನ ಕಿಟಕಿ ಇರುವುದು ಒಂದೇ ಕೋಣೆಗೆ: ಗಂಡಹೆಂಡಿರು ಮಲಗುವ ಕೋಣೆ. ಹೆಂಡತಿ ತಾವೇ ಮುಂದೆ ಹೋಗಿ ಆ ಕೋಣೆಯ ಬಾಗಿಲು ತೆಗೆದು, ಕಿಟಕಿಯ ಕೆಳಗಿದ್ದ ತಮ್ಮ ಟ್ರಂಕನ್ನು ಹೊರಗೆ ಎಳೆಯುತ್ತಾರೆ.

ಅರ್ಧ ಕಾಜಾ ಹಾಕಿದ ಅಂಗಿ ಹಿಡಿದುಕೊಂಡೇ ಹಿಂದೆ ಬಂದ ಅಕ್ಕನ ದನಿ ಇಳಿಯುತ್ತದೆ.

"ಲೇ, ಅದು ನಿಮ್ಮ ಕೋಣೆ ಕಣೋ. ನೀವಿಬ್ರೂ ಎಲ್ಲಿ ಮಲಗ್ತೀರೋ?"

ಡ್ಯೂಟಿಗೆ ಹೊತ್ತಾಗುತ್ತಿದೆ. ಹಾಸಿಗೆ ಹೊತ್ತ ಡ್ರೈವರ್ ಪಡಸಾಲೆಯುದ್ದಕ್ಕೂ ನಡೆದು ಹೋಗಿ, ಟ್ರಂಕು ಎಳೆದು ತೆರವಾದ ಕಿಟಕಿಯ ಕೆಳಗೆ ಅಕ್ಕನ ಕುರ್ಚಿ ಇಡುತ್ತಾರೆ.