ನಮ್ಮವರ ಗಿಟಾರು, ವರ್ನೆಟಾಳ ಶೂ

ವರ್ನೆಟಾ ಸ್ಟೀಲ್ ಗಿಟಾರನ್ನು ಕಲಿತದ್ದು ಕಾಲು ನೋಡಿ. ಬೇರೆಯವರೆಲ್ಲ ನುಡಿಸುವವನ ಕೈ ನೋಡುತ್ತಾರೆ. ಇವಳು ಎರಡು ಜಡೆಯ ಹುಡುಗಿಯಾಗಿದ್ದಾಗಿನಿಂದಲೂ ನಮ್ಮ ಚರ್ಚಿನ ಮುಂದಿನ ಬೆಂಚಿನ ತುದಿಯಲ್ಲಿ ಕತ್ತು ಬಗ್ಗಿಸಿ ಕುಳಿತು ನನ್ನ ಗಂಡನ ಶೂಗಳನ್ನು ನೋಡುತ್ತಿದ್ದಳು. ಎಡಗಾಲು ಯಾವ ಪೆಡಲಿನಿಂದ ಯಾವುದಕ್ಕೆ ಹೊರಳಿತು, ಬಲಗಾಲು ದನಿಯನ್ನು ಎಷ್ಟು ಏರಿಸಿತು, ಮೊಣಕಾಲು ಪಕ್ಕದ ಲಿವರನ್ನು ಯಾವಾಗ ತಳ್ಳಿತು, ಎಲ್ಲವೂ ಅವಳಿಗೆ ಬಾಯಿಪಾಠ. ಪಾಸ್ಟರ್ ಇವತ್ತು ಯಾವ ವಾಕ್ಯ ಓದಿದರು ಎಂದು ಕೇಳಿದರೆ ಮಾತ್ರ ಬಾಯಿಗೆ ಬೀಗ. ಅವಳ ಅಜ್ಜಿ ನಮ್ಮ ಹಿತ್ತಿಲಾಚೆಯ ಮನೆಯವಳು. ತಾಯಿ ಇಲ್ಲದ ಮಗು ಅಂತ ನಾನೂ ಹೆಚ್ಚು ಗದರುತ್ತಿರಲಿಲ್ಲ.

ನಮ್ಮ ಚರ್ಚಿನಲ್ಲಿ ಆರ್ಗನ್ ಇಲ್ಲ. ಪಿಯಾನೊ ಒಂದಿದೆ, ಅದರ ಮೇಲೆ ಹೂದಾನಿ ಇಡುತ್ತೇವೆ. ನಮ್ಮನ್ನು ಅಳಿಸುವುದೂ ಕುಣಿಸುವುದೂ ಸ್ಟೀಲ್ ಗಿಟಾರೇ. ಅದು ಉದ್ದನೆಯ ಮೇಜಿನ ಹಾಗೆ ಕಾಲುಗಳ ಮೇಲೆ ನಿಂತಿರುತ್ತದೆ, ಅಡಿಯಲ್ಲಿ ಪಾದಕ್ಕೆ ಪೆಡಲುಗಳು, ಮೊಣಕಾಲಿಗೆ ಲಿವರು, ಹಿಂದೆ ಕುರ್ಚಿ ಹಾಕಿಕೊಂಡು ಕೂತು ನುಡಿಸಬೇಕು. ನಮ್ಮವರು, ಪಾಸ್ಟರಿಗೆ ನೆರವಾಗುವ ಡೀಕನ್ ಕ್ಲೀವಸ್, ವಾರವೆಲ್ಲ ಕಿತ್ತಳೆಯ ಲಾರಿ ಓಡಿಸಿ ಭಾನುವಾರ ಅದರ ಹಿಂದೆ ಕೂರುತ್ತಿದ್ದರು. ನಾನು ಮದುವೆಯಾಗಿ ಬಂದಾಗಲೂ ಅಲ್ಲೇ ಕೂತಿದ್ದರು. ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಗಿಟಾರಿನ ಕಾಲುಗಳನ್ನು, ಮೇಲಿನಿಂದ ಪೆಡಲುಗಳಿಗೆ ಇಳಿಯುವ ಕಬ್ಬಿಣದ ಸರಳುಗಳನ್ನು ತಮ್ಮ ಮೊಣಕಾಲಿನ ಅಳತೆಗೆ ತಾವೇ ಉದ್ದ ಮಾಡಿಕೊಂಡಿದ್ದರು.

ಈ ವರ್ಷ ಕಿತ್ತಳೆ ಹೂಬಿಡುವ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಎಳೆಯಲು ಶುರುವಾಯಿತು, ಮಾತು ಅರ್ಧವಾಯಿತು. ಆಸ್ಪತ್ರೆಯಿಂದ ಕರೆತಂದ ವಾರವೇ ನಾನು ಚರ್ಚಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ, ಅವರು ಬರುತ್ತಾರೆ, ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ, ಅಲ್ಲಿಯವರೆಗೆ ತಾಳಿ ಅಂತ. ಬೆಳಗ್ಗೆ ಸಂಜೆ ಆ ಕೈಗೆ ಎಣ್ಣೆ ಹಚ್ಚಿ ತಿಕ್ಕಿದೆ. ಡಾಕ್ಟರು ಏನೇನೋ ಹೇಳಿದರು. ಡಾಕ್ಟರೇನು ದೇವರೇ?

ಅಲ್ಲಿಯವರೆಗೆ ನುಡಿಸಲು ವರ್ನೆಟಾ ಒಪ್ಪಿಕೊಂಡಳು. ನಾನು ಒಂದೇ ಷರತ್ತು ಹಾಕಿದೆ: ಗಿಟಾರಿನ ಒಂದು ತಿರುಪನ್ನೂ ಮುಟ್ಟಕೂಡದು. ಅದರ ಕಾಲುಗಳನ್ನೇನೋ ತಿರುಪು ಸಡಿಲಿಸಿ ಒಳಗೆ ಇಳಿಸಬಹುದು. ಆದರೆ ಸರಳುಗಳನ್ನು ಕೊಯ್ದೇ ಗಿಡ್ಡ ಮಾಡಬೇಕು, ಕೊಯ್ದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ನಾಳೆ ನಮ್ಮವರು ಬಂದರೆ ಮೊಣಕಾಲನ್ನು ಎಲ್ಲಿಡಬೇಕು? ಚರ್ಚಿನವರೆಲ್ಲ ಹೌದು ಹೌದು ಅಂದರು. ಹಿರಿಯರ ವಾದ್ಯಕ್ಕೆ ಕೈಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಆದರೆ ವರ್ನೆಟಾ ಗಿಡ್ಡಿ. ಕಿತ್ತಳೆ ಆರಿಸುವ ಶೆಡ್ಡಿನಲ್ಲಿ ಎಲ್ಲರೂ ನೆಲದ ಮೇಲೆ ನಿಂತರೆ ಇವಳು ಮಗುಚಿಟ್ಟ ಪೆಟ್ಟಿಗೆಯ ಮೇಲೆ ನಿಂತು ಕೊಳೆತದ್ದು ಬೇರೆ, ಒಳ್ಳೆಯದು ಬೇರೆ ಮಾಡುತ್ತಾಳೆ. ಕಟ್ಟಿಕೊಂಡಿದ್ದವನು ಕಾರಿಗೆ ಟೈರು ತರುತ್ತೇನೆಂದು ಟ್ಯಾಂಪಾಗೆ ಹೋದ, ವರ್ಷಗಳಾದವು, ಇನ್ನೂ ಟೈರು ಆರಿಸುತ್ತಲೇ ಇದ್ದಾನೆ. ಅವಳು ಅದಕ್ಕೂ ಅಳಲಿಲ್ಲ, ಶನಿವಾರ ಸಂಜೆ ಬಂದು ನಮ್ಮವರ ಹತ್ತಿರ ಕೈಯ ಪಾಠ ಹೇಳಿಸಿಕೊಂಡಳು. ಅಂಥವಳು ನಮ್ಮವರ ಗಿಟಾರಿನ ಹಿಂದೆ ಕೂತರೆ ಪೆಡಲಿನ ಮೇಲೆ ಕಾಲೇನೋ ಇರುತ್ತಿತ್ತು, ಲಿವರು ಮಾತ್ರ ಮೊಣಕಾಲಿಗಿಂತ ಎಷ್ಟೋ ಮೇಲೆ. ಕುರ್ಚಿಗೆ ದಿಂಬು ಹಾಕಿದರೆ ಮೊಣಕಾಲು ಸಿಕ್ಕಿತು, ಪಾದ ಗಾಳಿಯಲ್ಲಿ ತೂಗಾಡಿತು. ಆ ಸಂದಿಯನ್ನು ತುಂಬಬೇಕಾದದ್ದು ಶೂ. ಹೀಗೆ ಬೇಸಿಗೆಯೆಲ್ಲ ನಮ್ಮ ಚರ್ಚಿನ ಮಾತು ಒಬ್ಬ ಹೆಂಗಸಿನ ಶೂ ಮೇಲೆಯೇ ನಡೆಯಿತು.

ಮೊದಲು ಎತ್ತರದ ಹಿಮ್ಮಡಿಯ ಭಾನುವಾರದ ಶೂ ಹಾಕಿದಳು. ಹಿಮ್ಮಡಿ ನೆಲದಲ್ಲಿ ನಿಲ್ಲದೆ ಓಲಾಡಿತು, ಎರಡು ಪೆಡಲನ್ನು ಒಟ್ಟಿಗೆ ಒತ್ತಿ ಒಂದನ್ನು ಮೆಲ್ಲಗೆ ಬಿಡಬೇಕಾದ ಕಡೆ ಪಾದ ಜಾರಿ ಎರಡೂ ಹೋದವು. ಆಮೇಲೆ ಶೆಡ್ಡಿನ ರಬ್ಬರ್ ಬೂಟು. ಅದರ ಅಗಲಕ್ಕೆ ಒಂದು ಪೆಡಲು ಕೇಳಿದರೆ ಮೂರು ಬಂದವು. ರೋಸಿಹೋಗಿ ಒಂದು ಬುಧವಾರದ ಪ್ರಾರ್ಥನೆಯಲ್ಲಿ ಶೂ ಕಳಚಿಟ್ಟು, ಕುರ್ಚಿಯ ತುದಿಗೆ ಜಾರಿ ಕೂತು, ಬರೀ ಕಾಲುಚೀಲದಲ್ಲಿ ನುಡಿಸಿದಳು. ಲಿವರು ಸಿಗದಿದ್ದರೂ ಪೆಡಲಿನ ಸ್ವರಗಳು ಎಷ್ಟು ಹದವಾಗಿ ಬಂದವೆಂದರೆ ನಾನೇ ತಲೆಯೆತ್ತಿ ನೋಡಿದೆ.

ಪ್ರಾರ್ಥನೆ ಮುಗಿದದ್ದೇ ಮದರ್ ಟಿಲ್ಮನ್ ಅವಳನ್ನು ಹಿಡಿದರು. ಅವರು ನಮ್ಮ ಚರ್ಚಿನ ಹಿರಿಯ ಹೆಂಗಸರಿಗೆಲ್ಲ ಹಿರಿಯರು, ಬಿಳಿ ಟೋಪಿ, ಬಿಳಿ ಕೈಗವಸು, ಪಾಸ್ಟರೂ ಅವರ ಮುಂದೆ ದನಿ ತಗ್ಗಿಸುತ್ತಾರೆ.

"ಪೀಠದ ಮುಂದೆ ಶೂ ಬಿಚ್ಕೊಂಡ್ ಕೂತ್ಕೋತಾರೇನಮ್ಮ?"

"ಬೈಬಲ್ನಲ್ಲಿ ಮೋಶೆಗೆ ದೇವ್ರೇ ಬಿಚ್ಚು ಅಂದಿದ್ನಲ್ಲ ಮದರ್."

"ಮೋಶೆಯ ಕಾಲುಚೀಲ ಹೆಬ್ಬೆರಳ ಹತ್ರ ಹರಿದಿರ್ಲಿಲ್ಲ."

ಅಲ್ಲಿಗೆ ಬರಿಗಾಲಿನ ಕತೆ ಮುಗಿಯಿತು.

ಅಷ್ಟರಲ್ಲಿ ಪಾಸ್ಟರ್ ಗ್ಯಾಸ್ಕಿನ್ಸ್ ನಮ್ಮ ಮನೆಗೇ ಬಂದರು. ನಾನಿಟ್ಟ ಗೆಣಸಿನ ಕಡುಬನ್ನು ಎರಡು ತುಂಡು ತಿಂದು ಬಾಯೊರೆಸಿಕೊಂಡು ವಿಷಯಕ್ಕೆ ಬಂದರು. ಮುಂದಿನ ತಿಂಗಳು ಬಿಷಪ್ ಬರುತ್ತಾರೆ. ಅಷ್ಟರೊಳಗೆ ಗಿಟಾರು ಸರಿಹೋಗದಿದ್ದರೆ ಒಕಾಲಾ ಊರಿನ ಒಬ್ಬನನ್ನು ಕರೆಸುತ್ತೇನೆ, ಅವನು ತನ್ನದೇ ಗಿಟಾರು ತರುತ್ತಾನೆ ಅಂದರು. ಆ ಒಕಾಲಾದವನನ್ನು ನಾನು ಕಂಡಿದ್ದೇನೆ, ಹಳದಿ ಸೂಟು, ಹಳದಿ ಶೂ, ಕೂತ ಕಡೆ ಬೇರು ಬಿಡುವ ಜಾತಿ. ಅವನು ಬಂದರೆ ಹೋಗುವವನಲ್ಲ. ವರ್ನೆಟಾಳ ಜಾಗವೂ ಹೋಯಿತು, ನಮ್ಮವರ ಜಾಗವೂ ಹೋಯಿತು. ನಮ್ಮವರು ಕಿಟಕಿಯ ಹತ್ತಿರ ಕೂತು ಎಲ್ಲ ಕೇಳಿಸಿಕೊಂಡರು.

ಅವತ್ತೇ ಸಂಜೆ ನಾನು ವರ್ನೆಟಾಳನ್ನು ಎಳೆದುಕೊಂಡು ಪೇಟೆಯಲ್ಲಿ ಶೂ ರಿಪೇರಿ ಮಾಡುವ ಕ್ಯೂಬಾದ ಮುದುಕನ ಹತ್ತಿರ ಹೋದೆ. ಗಂಡಸರ ಕಪ್ಪು ಶೂ ಜೋಡಿಯೊಂದಕ್ಕೆ ಅಟ್ಟೆಯ ಮೇಲೆ ಅಟ್ಟೆ ಕೂರಿಸಿ ನನ್ನ ಅಂಗೈ ಅಗಲದಷ್ಟು ದಪ್ಪ ಮಾಡಿಸಿದೆ. ಮುದುಕ, ಇವಳು ಸರ್ಕಸ್ಸಿಗೆ ಸೇರುತ್ತಾಳೇನು ಅಂತ ಕೇಳಿದ. ಲೆಕ್ಕವೇನೋ ಸರಿಯಾಯಿತು: ದಿಂಬಿನ ಮೇಲೆ ಕೂತರೆ ಪಾದ ಪೆಡಲಿಗೆ ಬಂತು, ಮೊಣಕಾಲು ಲಿವರಿಗೆ ತಾಗಿತು. ನಾನು ಗೆದ್ದೆ ಅಂದುಕೊಂಡೆ.

ವರ್ನೆಟಾ ಮಾತ್ರ ಎರಡು ಸಲ ನುಡಿಸಿ ನೋಡಿ ಕೈ ಮಡಿಲಲ್ಲಿಟ್ಟುಕೊಂಡಳು. ಇಷ್ಟು ದಪ್ಪದ ಕೆಳಗೆ ಪೆಡಲು ಎಲ್ಲಿದೆ ಅಂತಲೇ ಕಾಲಿಗೆ ಗೊತ್ತಾಗುವುದಿಲ್ಲ, ಗಿಟಾರನ್ನು ಸ್ವಲ್ಪವೇ ಸ್ವಲ್ಪ ಇಳಿಸಿದರೆ ಅಂತ ರಾಗ ಎಳೆದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದೆ ನಾನು. ಅವಳು ಮತ್ತೆ ಶೂ ದಾರ ಬಿಗಿದುಕೊಂಡಳು. ಅವಳಿಗೆ ನನ್ನ ಮೇಲೆ ಭಯವಿರಲಿಲ್ಲ, ನಾನು ಯಾವುದನ್ನು ಹಿಡಿದುಕೊಂಡು ಕೂತಿದ್ದೇನೆ ಅಂತ ಗೊತ್ತಿತ್ತು, ಅಷ್ಟೇ.

ಭಾನುವಾರ ನಮ್ಮವರು ಎದ್ದವರೇ ಎಡಗೈಯಲ್ಲಿ ಕೋಟು ತೋರಿಸಿದರು. ಲಕ್ವ ಹೊಡೆದ ಮೇಲೆ ಚರ್ಚಿಗೆ ಬಂದಿರಲಿಲ್ಲ. ನುಡಿಸುವ ದಿನವೇ ಹೋದರಾಯಿತು ಅಂತ ನಾನು ತಡೆದಿದ್ದೆ. ಈ ಸಲ ನನ್ನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೋಲೂರಿಕೊಂಡು ಬಂದು, ವರ್ನೆಟಾ ಚಿಕ್ಕವಳಿದ್ದಾಗ ಕೂರುತ್ತಿದ್ದ ಆ ಮುಂದಿನ ಬೆಂಚಿನಲ್ಲೇ ಕೂತರು.

ಕಾಣಿಕೆ ಎತ್ತುವಾಗಿನ ನಿಧಾನದ ಹಾಡು. ಅದರಲ್ಲಿ ಗಿಟಾರು ಒಂದು ಸ್ವರವನ್ನು ಹಿಡಿದು, ಬಿಡದೆ, ಮೇಲಕ್ಕೆ ಎಳೆದೊಯ್ಯಬೇಕು, ಆಗ ಹಿಂದಿನ ಸಾಲಿನಿಂದ ಯಾರಾದರೂ ಅಳಲು ಶುರುಮಾಡುತ್ತಾರೆ. ವರ್ನೆಟಾ ಎಳೆದಳು. ಅರ್ಧದಲ್ಲಿ ಆ ದಪ್ಪ ಅಟ್ಟೆ ಪಕ್ಕದ ಪೆಡಲಿಗೆ ಸಿಕ್ಕಿಕೊಂಡಿತು. ಸ್ವರ ಕೀರಲಾಗಿ ಕೆಳಗೆ ಬಿತ್ತು. ಸ್ತುತಿಸಲು ಕೈಯೆತ್ತಿದ್ದವರು ಕೈ ಇಳಿಸಿದರು, ಪಾಸ್ಟರ್ ತಲೆ ತಗ್ಗಿಸಿ ಬೈಬಲಿನ ಹಾಳೆ ತಿರುಗಿಸಿದರು. ವರ್ನೆಟಾ ಹಾಡು ಮುಗಿಸಿದಳು, ಮುಖ ಮಾತ್ರ ಮೇಲೆತ್ತಲಿಲ್ಲ.

ನಮ್ಮವರು ಅವಳ ಕೈ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಕೊನೆಯವರೆಗೆ ಶೂಗಳನ್ನೇ ನೋಡಿದರು.

ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ, ಹಿತ್ತಿಲ ಶೆಡ್ಡಿನಿಂದ ಕಬ್ಬಿಣ ಕೊಯ್ಯುವ ಗರಗಸ ತಂದುಕೊಡು ಅಂದರು. ಯಾಕೆ ಅಂತ ನನಗೆ ಗೊತ್ತಾಗಿತ್ತು, ಗೊತ್ತಿಲ್ಲದವಳ ಹಾಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದೆ. ದಾರಿಯಲ್ಲಿ ವರ್ನೆಟಾಳನ್ನು ಕರೆದುಕೊಂಡು ಮೂವರೂ ಚರ್ಚಿಗೆ ಹೋದೆವು. ಒಳಗೆ ಯಾರೂ ಇರಲಿಲ್ಲ, ಫ್ಯಾನು ಮಾತ್ರ ತಿರುಗುತ್ತಿತ್ತು.

ನಮ್ಮವರು ಬೆಂಚಿನ ಮೇಲೆ ಕೂತು, ಆ ದಪ್ಪ ಶೂ ತಂದಿದ್ದೀಯಾ ಅಂತ ಅವಳನ್ನು ಕೇಳಿದರು. ತಂದಿದ್ದಳು. ಒಂದನ್ನು ಕೈಯಲ್ಲಿ ಹಿಡಿದು ತೂಕ ನೋಡಿ ನಕ್ಕರು. ಲಕ್ವದ ಮೇಲೆ ಅವರ ನಗು ಒಂದು ಕಡೆಗೇ ಬರುತ್ತದೆ.

"ಇದು ನಿಂದೇ ಗಿಟಾರು ಆಗಿದ್ರೆ... ಯಾವ ಶೂ ಹಾಕ್ತಿದ್ದೆ?"

ವರ್ನೆಟಾ ನನ್ನ ಮುಖ ನೋಡಿದಳು. ಆಮೇಲೆ ಕಾಲಿನ ಕಡೆ ತೋರಿಸಿದಳು. ಮನೆಯಿಂದ ಹಾಕಿಕೊಂಡು ಬಂದಿದ್ದ ಕಪ್ಪು ಶೂ, ಚಪ್ಪಟೆ, ಅಟ್ಟೆ ಸವೆದು ತೆಳ್ಳಗಾಗಿತ್ತು.

"ಇದೇ ಅಂಕಲ್. ಇದ್ರಲ್ಲಿ ಕೆಳಗೆ ಕಡ್ಡಿ ಬಿದ್ದಿದ್ರೂ ಗೊತ್ತಾಗುತ್ತೆ."

"ಹಾಗಿದ್ರೆ ಅದನ್ನೇ ಹಾಕ್ಕೊಂಡು ಕೂತ್ಕೋ. ದಿಂಬು ತೆಗಿ. ಶೂಗೆ ತಕ್ಕ ಹಾಗೆ ಗಿಟಾರು ಇಳಿಸೋಣ."

ಅವಳು ಕೂರಲಿಲ್ಲ. "ಬೇಡ ಅಂಕಲ್. ಕೊಯ್ದ್ಮೇಲೆ ನಿಮ್ಮ ಮೊಣಕಾಲು ಇದ್ರ ಕೆಳಗೆ ಹೋಗಲ್ಲ."

"ಹೋಗಲ್ಲ." ದಪ್ಪ ಶೂವನ್ನು ಬೆಂಚಿನ ಕೆಳಗಿಟ್ಟರು. "ಅದು ನಂಗೆ... ಆಸ್ಪತ್ರೇಲೇ ಗೊತ್ತಾಯ್ತು ಕಣೇ. ನಿಂಗೂ ಗೊತ್ತು. ಇವಳಿಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ದೇವರ ಮನೆ ಅನ್ನುವುದನ್ನೂ ನೋಡದೆ ರೇಗಿಬಿಟ್ಟೆ.

"ಹಾಗಾದ್ರೆ ಇಷ್ಟು ದಿನ ಯಾಕ್ರೀ ಆ ಕೈ ಕೊಟ್ಟು ತಿಕ್ಕಿಸ್ಕೊಂಡ್ರಿ?"

"ನಿಂಗೆ ಬೇಕಿತ್ತಲ್ಲ," ಅಂದರು. "ಅದಕ್ಕೆ."

ಅಷ್ಟೂ ತಿಂಗಳು ನಾನು ಅವರನ್ನು ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಕೈ ಚಾಚಿ ಕೂತು ನನ್ನನ್ನು ಸಮಾಧಾನ ಮಾಡುತ್ತಿದ್ದರು.

ವರ್ನೆಟಾ ದಿಂಬು ತೆಗೆದು ಕೂತಳು. ನಮ್ಮವರು ಹೇಳಿದಂತೆ ನಾನು ಗಿಟಾರಿನ ಕಾಲುಗಳ ತಿರುಪು ಸಡಿಲಿಸಿ ಒಂದೊಂದಾಗಿ ಒಳಗೆ ಇಳಿಸಿದೆ, ಅವಳ ಮೊಣಕಾಲು ಲಿವರಿಗೆ ತಾಗುವವರೆಗೆ. ಸರಳುಗಳನ್ನು ಬಿಚ್ಚಿದೆವು. ಎಲ್ಲಿ ಕೊಯ್ಯಬೇಕೋ ಅಲ್ಲಿ ವರ್ನೆಟಾ ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಎರಡು ಸಲ ಒರೆಸಿ ಮತ್ತೆ ಎಳೆದಳು. ಕೊಯ್ಯಲು ಮಾತ್ರ ಆಗುವುದಿಲ್ಲ ಅಂದಳು. ನನ್ನನ್ನು ಕೊಯ್ಯೆಂದು ಅವರು ಕೇಳಲಿಲ್ಲ. ಗರಗಸವನ್ನು ತಾವೇ ಎಡಗೈಗೆ ತೆಗೆದುಕೊಂಡು, ಮೊದಲನೆಯ ಸರಳನ್ನು ಬೆಂಚಿನ ಅಂಚಿಗೆ ಇಟ್ಟರು. ಹಿಡಿದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಸರಳು ಉರುಳಿತು.

"ಹಿಡ್ಕೊಳೇ," ಅಂದರು ನನಗೆ. "ಅಲ್ಲಾಡ್ಬಾರ್ದು."

ನಾನು ನೆಲದ ಮೇಲೆ ಮಂಡಿಯೂರಿ ಸರಳನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದೆ. ಅವರು ಕೊಯ್ಯತೊಡಗಿದರು. ನಾನು ಅತ್ತೆ, ಕೈ ಮಾತ್ರ ಅಲ್ಲಾಡಿಸಲಿಲ್ಲ.